ಎಂಬತ್ತನಾಲ್ಕು ಕುಣಿಕೆ

ಹೊನವಾಡದ ಸರ್ಕಾರಿ ದವಾಖಾನೆಯಲ್ಲಿ ಗುಳಿಗೆ ಕೊಡುವ ಕಿಟಕಿಯ ಹಿಂದೆ ಕೂರುವವಳು ಸಂಘಮಿತ್ರಾ. ವಯಸ್ಸು ಮೂವತ್ತಾರು. ವಿಜಯಪುರದಲ್ಲೇ ಹುಟ್ಟಿ, ಅಲ್ಲೇ ಫಾರ್ಮಸಿ ಓದಿ, ಅಲ್ಲಿಯ ಒಂದು ಹೈಸ್ಕೂಲಿನ ಚಿತ್ರಕಲಾ ಮಾಸ್ತರ ಧರ್ಮರಾಜನನ್ನು ಮದುವೆಯಾದವಳು. ದವಾಖಾನೆಯಲ್ಲಿ ಆಕೆಗೆ ಒಂದು ಹೆಸರಿತ್ತು. ಐದು ದಿನ, ದಿನಕ್ಕೆ ಎರಡು ಎಂದು ಚೀಟಿಯಲ್ಲಿದ್ದರೆ ಆಕೆಯ ಕೈಯಿಂದ ಬರುವುದು ಹತ್ತೇ ಗುಳಿಗೆ. ಕಪಾಟಿನಲ್ಲಿ ಜ್ವರದ ಗುಳಿಗೆ ಎಷ್ಟು ಉಳಿದಿವೆ ಎಂದು ಡಾಕ್ಟರು ಕೇಳಿದರೆ ತಿರುಗಿ ನೋಡದೆ ಹೇಳುತ್ತಿದ್ದಳು. ಆಮೇಲೆ ಎದ್ದು ನೋಡಿದರೂ ಅಷ್ಟೇ ಇರುತ್ತಿದ್ದವು.

ಆಕೆಯ ಕಷ್ಟವೆಲ್ಲ ಬಸ್ಸಿನದು. ಬೆಳಿಗ್ಗೆ ವಿಜಯಪುರದಿಂದ ಟಿಕೋಟಾ ದಾಟಿ ಹೊನವಾಡಕ್ಕೆ, ಸಂಜೆ ಅದೇ ದಾರಿ ವಾಪಸ್ಸು. ಮೊಬೈಲು ನೋಡುತ್ತ ಕೂತರೆ ತಲೆ ಸುತ್ತುತ್ತಿತ್ತು. ಕಿಟಕಿಯಿಂದ ಆಚೆ ನೋಡಿದರೆ ಜೋಳದ ಹೊಲ, ದ್ರಾಕ್ಷಿ ಪಡ, ಮತ್ತೆ ಜೋಳದ ಹೊಲ. ಏಳು ವರ್ಷ ಅದನ್ನೇ ನೋಡಿ ಆಗಿತ್ತು. ಹಾಗಾಗಿ ಟಿಕೋಟಾದಲ್ಲಿ ಹತ್ತಿ ಪಕ್ಕದಲ್ಲಿ ಕೂರುತ್ತಿದ್ದ ಗುರುಸಿದ್ದವ್ವನ ಕೈಗಳನ್ನು ನೋಡುವುದು ಆಕೆಗೆ ರೂಢಿಯಾಯಿತು.

ಗುರುಸಿದ್ದವ್ವನಿಗೆ ಅರವತ್ತು ದಾಟಿತ್ತು. ಹೊನವಾಡದ ಹತ್ತಿರ ಅವರ ದ್ರಾಕ್ಷಿ ತೋಟ. ಗಂಡ ಶಂಕ್ರೆಪ್ಪ ತೋಟದ ಮನೆಯಲ್ಲೇ ಇರುತ್ತಿದ್ದ. ಈಕೆ ದಿನಾ ಟಿಕೋಟಾದ ಮನೆಯಿಂದ ಅವನಿಗೆ ರೊಟ್ಟಿ ಗಂಟು ಒಯ್ಯುತ್ತಿದ್ದಳು. ಒಂದು ಕೈಚೀಲದಲ್ಲಿ ರೊಟ್ಟಿ, ಇನ್ನೊಂದರಲ್ಲಿ ಉಲ್ಲನ್ ಉಂಡೆ ಮತ್ತು ಎರಡು ಉದ್ದನೆಯ ಕಡ್ಡಿ. ಸೀಟಿನಲ್ಲಿ ಕೂತು ಸೆರಗು ಸರಿಮಾಡಿಕೊಂಡರೆ ಸಾಕು, ಕಡ್ಡಿಗಳು ತಾವಾಗಿ ಓಡಾಡತೊಡಗುತ್ತಿದ್ದವು. ಬಸ್ಸು ತಗ್ಗಿನಲ್ಲಿ ಇಳಿದು ಎಲ್ಲರೂ ಒಂದಡಿ ಮೇಲೆ ಹಾರಿದರೂ ಕಡ್ಡಿಯ ಮೇಲಿನ ಒಂದು ಕುಣಿಕೆಯೂ ಜಾರುತ್ತಿರಲಿಲ್ಲ. ಮೂವತ್ತು ವರ್ಷದ ಹಿಂದೆ, ಚಳಿಗಾಲಕ್ಕೆ ವಿಜಯಪುರದಲ್ಲಿ ಸ್ವೆಟರ್ ಮಾರಲು ಬರುತ್ತಿದ್ದ ಟಿಬೆಟ್ಟಿನ ಹೆಂಗಸೊಬ್ಬಳ ಅಂಗಡಿ ಮುಂದೆ ನಾಲ್ಕು ದಿನ ನಿಂತು ಕಲಿತ ವಿದ್ಯೆ ಅದು. ಆ ಹೆಂಗಸಿಗೆ ಕನ್ನಡ ಬರುತ್ತಿರಲಿಲ್ಲ, ಈಕೆಗೆ ಕನ್ನಡ ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ಕಳೆದ ನವೆಂಬರಿನಲ್ಲಿ ಒಂದು ದಿನ ಸಂಘಮಿತ್ರಾ ಕೇಳಿಯೇಬಿಟ್ಟಳು.

"ಅವ್ವಾರ, ನನಗೂ ಕಲಸ್ತೀರೇನ್ರಿ? ಮನ್ಯಾಗ ಮಾಸ್ತರಿಗೆ ಒಂದು ಸ್ವೆಟರ್ ಹಾಕಬೇಕು ಅಂತೇನಿ."

ಗುರುಸಿದ್ದವ್ವ ಆಕೆಯ ಬೆರಳುಗಳನ್ನು ಹಿಡಿದು ನೋಡಿದಳು. "ಗುಳಿಗಿ ಎಣಸೋ ಕೈ. ಕಲೀತೀ ಬಿಡು. ನಾಳಿ ಉಲನ್ ತಗೊಂಡ ಬಾ. ಮತ್ತ ಮಾಸ್ತರಂದು ಒಂದು ಅಂಗಿ ತಗೊಂಡ ಬಾ, ಅಳತಿಗಿ."

ಮರುದಿನ ಧರ್ಮರಾಜನ ನೀಲಿ ಅಂಗಿ ಬಸ್ಸಿನಲ್ಲಿ ಗುರುಸಿದ್ದವ್ವನ ತೊಡೆಯ ಮೇಲೆ ಮಲಗಿತು. ಧರ್ಮರಾಜ ತೆಳ್ಳನೆಯ ಮನುಷ್ಯ. ಆಕೆ ಅಂಗಿಯ ಅಗಲಕ್ಕೆ ಗೇಣು ಹಾಕಿ, ತುಟಿ ಆಡಿಸಿ, ಲೆಕ್ಕ ಹೇಳಿದಳು: "ಎಂಟು ಹತ್ತು, ಮ್ಯಾಲೆ ನಾಕು. ಮುಂದ ಅಷ್ಟ, ಹಿಂದ ಅಷ್ಟ."

"ಎಂಬತ್ತನಾಲ್ಕು ಕುಣಿಕಿ."

"ಹೂಂ. ಎಣಿಸೂದ ಇದರಾಗ ದೊಡ್ಡದು, ಹೆಣಿಯೂದು ಏನೂ ಅಲ್ಲ. ನೆನಪ ಇಟ್ಕೊ. ಮದಲ ಲಾಭ ಅನಬೇಕು, ಆಮ್ಯಾಲೆ ಎಣಿಸ್ಕೊಂತ ಹೋಗಬೇಕು. ಹತ್ತು ಆತಂದ್ರ ಮತ್ತ ಲಾಭ ಅಂತ ಸುರು ಮಾಡಬೇಕು. ಲಾಭ ಅನ್ನದ ಯಾವುದೂ ಸುರು ಮಾಡಬಾರದು."

ಹೀಗೆ ಹೇಳಿ ಗುರುಸಿದ್ದವ್ವ ತನ್ನ ಹೆಣಿಕೆಯನ್ನೇ ಎಣಿಸಿ ತೋರಿಸಿದಳು. "ಲಾಭ" ಎಂಬುದು ಸ್ಪಷ್ಟವಾಗಿ ಕೇಳಿಸಿತು. ಮುಂದಿನದನ್ನು ಆಕೆ ತುಟಿಯಲ್ಲೇ ನುಂಗಿದಳು. ಉಳಿದದ್ದನ್ನು ಬಸ್ಸಿನ ಗದ್ದಲ ನುಂಗಿತು. ಸಂಘಮಿತ್ರಾ ತಲೆಯಾಡಿಸಿದಳು. ಸಂತೆಯಲ್ಲಿ ಬದನೆಕಾಯಿ ತೂಗಿದ ಮೇಲೆ ಮೇಲೊಂದು ಕೊಸರು ಹಾಕುವುದಿಲ್ಲವೇ, ಇದೂ ಹಾಗೆಯೇ ಇರಬೇಕು ಎಂದು ತಿಳಿದಳು. ಹತ್ತು ಕುಣಿಕೆಗೊಂದು ಕೊಸರು ಕುಣಿಕೆ. ಉಲ್ಲನ್ ಎಳೆದಾಗ ಕುಗ್ಗುತ್ತದಲ್ಲ, ಅದಕ್ಕೇ ಇರಬಹುದು. ಗುರುಗಳು ಹೇಳಿದ್ದನ್ನು ಹೇಳಿದಂತೆಯೇ ಮಾಡುವ ಸ್ವಭಾವ ಆಕೆಯದು. ಲಾಭ, ಒಂದು, ಎರಡು, ಮೂರು. ಹತ್ತು ಮುಗಿದ ಮೇಲೆ ಮತ್ತೆ ಲಾಭ, ಒಂದು, ಎರಡು.

ಮೂರು ವಾರದಲ್ಲಿ ಹಿಂದಿನ ಭಾಗ ಅರ್ಧ ಆಯಿತು. ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು. ಪ್ರತಿ ಹತ್ತು ಸಾಲಿಗೊಮ್ಮೆ ಎಣಿಸಿ ಎಂಬತ್ತನಾಲ್ಕು ಇದೆ ಎಂದು ಖಾತ್ರಿ ಮಾಡಿಕೊಂಡಳು. ಎಂದೂ ಒಂದು ಹೆಚ್ಚಾಗಲಿಲ್ಲ, ಒಂದು ಕಡಿಮೆಯಾಗಲಿಲ್ಲ. ಒಂದು ಸಂಜೆ ಹಲಗೆ ಮೇಲೆ ಚಿತ್ರ ಬಿಡಿಸುತ್ತಿದ್ದ ಧರ್ಮರಾಜನನ್ನು ನಿಲ್ಲಿಸಿ ಅದನ್ನು ಬೆನ್ನಿಗೆ ಹಿಡಿದಳು. ಎರಡು ಬೆರಳಷ್ಟು ಬಗಲಿನಿಂದ ಆಚೆ ಬಂತು. ಮುಂದೂ ಅಷ್ಟೇ ಬಂದರೆ ನಾಲ್ಕು ಬೆರಳು.

"ನಾ ಏನರ ತೆಳ್ಳಗ ಆಗೇನಿ ಏನು?" ಎಂದ ಧರ್ಮರಾಜ.

ಆಕೆ ಎಲ್ಲವನ್ನೂ ಬಿಚ್ಚಿ ಉಂಡೆ ಸುತ್ತಿದಳು. ಎರಡನೆಯ ಸಲ ಇನ್ನೂ ಹುಷಾರಾಗಿ ಹಾಕಿದಳು. ಈ ಸಲ ಬಸ್ಸಿನಲ್ಲೂ ಹೆಣೆದಳು, ಮನೆಯಲ್ಲೂ ಹೆಣೆದಳು, ಹಿಂದು ಮುಂದು ಎರಡೂ ಮುಗಿಸಿ ತೋಳನ್ನೂ ಸೇರಿಸಿ ಹೊಲಿದಳು. ಧರ್ಮರಾಜ ತೊಟ್ಟು ನಿಂತರೆ ಸ್ವೆಟರು ಅವನ ಮೈಗೆ ಅಂಟದೆ ಸುತ್ತ ತೇಲುತ್ತಿತ್ತು.

ಅವನು ಅದನ್ನು ಬಿಚ್ಚಿಟ್ಟು, ಹೆಂಡತಿ ಚಹಾಕ್ಕೆ ಎದ್ದುಹೋದಾಗ ಕೆಳಗಿನ ಅಂಚನ್ನು ಬೆರಳಿನಲ್ಲಿ ಹಿಡಿದು ಎಣಿಸಿದ. ಆಕೆ ಬಂದಾಗ ಹೇಳಿದ: "ಇಲ್ಲಿ ತೊಂಬತ್ತಮೂರು ಅದಾವ ನೋಡು."

"ಎಂಬತ್ತನಾಲ್ಕು ಅದಾವ್ರಿ."

"ಎರಡ ಸಲ ಎಣಿಸೇನಿ."

"ನಿಮಗ ಕುಣಿಕಿ ಯಾವುದು, ನಡುವಿನ ದಾರ ಯಾವುದು ಗೊತ್ತಾಗಂಗಿಲ್ಲ. ಚಹಾ ಕುಡೀರಿ." ಆಕೆ ಕೂತು ತಾನೇ ಎಣಿಸಿದಳು. ಮನಸ್ಸಿನಲ್ಲೇ ಲಾಭದಿಂದ ಶುರುಮಾಡಿ, ಎಂಟು ಹತ್ತು ಮುಗಿಸಿ, ಮತ್ತೆ ಲಾಭ ಹೇಳಿ ನಾಲ್ಕಕ್ಕೆ ನಿಂತಳು. ಸರಿಯಾಗಿ ಎಂಬತ್ತನಾಲ್ಕು. ಧರ್ಮರಾಜ ಚಹಾ ಕುಡಿದ. ಹನ್ನೊಂದು ವರ್ಷದ ಸಂಸಾರದಲ್ಲಿ, ಹೆಂಡತಿಯ ಎಣಿಕೆಯ ಮೇಲೆ ಮಾತಾಡಿ ಅವನು ಗೆದ್ದದ್ದಿರಲಿಲ್ಲ.

ಮರುದಿನ ಸ್ವೆಟರು ಬಸ್ಸಿಗೆ ಬಂತು. ಗುರುಸಿದ್ದವ್ವ ಅದನ್ನು ಎರಡೂ ಕೈಯಲ್ಲಿ ಅಗಲ ಹಿಡಿದಳು. ಟಿಕೆಟ್ ಕೊಡುತ್ತ ಬಂದ ಕಂಡಕ್ಟರ್ ಸಿಕಂದರ ಅಲ್ಲೇ ನಿಂತ.

"ಇದಕ್ಕ ಎರಡು ಟಿಕೆಟ್ ತಗೀಬೇಕ್ರಿ ಮೇಡಮ್ಮಾರ. ಇಬ್ಬರು ಹಿಡೀತಾರ ಇದರಾಗ."

ಹಿಂದಿನ ಸೀಟಿನವರು ನಕ್ಕರು. ಸಂಘಮಿತ್ರಾಳೂ ನಗಲು ನೋಡಿದಳು.

"ಎಷ್ಟು ಹಾಕಿದ್ದೀ?" ಗುರುಸಿದ್ದವ್ವ ಕೇಳಿದಳು.

"ಎಂಬತ್ತನಾಲ್ಕರಿ. ನೀವ ಹೇಳಿದಷ್ಟ. ದಿನಾ ಎಣಿಸೇನಿ."

ಗುರುಸಿದ್ದವ್ವ ಎಣಿಸುವ ಗೋಜಿಗೆ ಹೋಗಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು, ಮೇಲಾಗಿ ಗುಳಿಗೆ ಎಣಿಸುವವಳ ಲೆಕ್ಕವನ್ನು ತಾನೇನು ನೋಡುವುದು ಎಂಬ ಭಾವ. ಆಕೆ ಸ್ವೆಟರನ್ನು ಮಡಚಿ ಕೊಟ್ಟಳು.

"ಲೆಕ್ಕ ಬರೋಬ್ಬರಿ ಐತಿ ಅಂದ್ರ ಕೈ ಸಡಲ ಐತಿ. ನನ್ನ ಸೊಸಿದೂ ಹಿಂಗ ಇತ್ತು. ಎಷ್ಟ ಹೇಳಿದ್ರೂ ಅಗಲಾ ಮಾಡತಿದ್ಲು. ಕೆಲವ್ರ ಕೈಗೆ ಬರಂಗಿಲ್ಲ ತಂಗಿ, ಬಿಟ್ಟಬಿಡು. ನಾನ ಒಂದು ಹಾಕಿಕೊಡ್ತೇನಿ ಮಾಸ್ತರಿಗೆ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೆ ಸಂಘಮಿತ್ರಾಳಿಗೆ ಅದು ನಾಟಿತು. ಶಾಲೆಯಲ್ಲಿ, ಕಾಲೇಜಿನಲ್ಲಿ, ನೌಕರಿಯಲ್ಲಿ, ನಿನಗೆ ಬರುವುದಿಲ್ಲ ಬಿಟ್ಟುಬಿಡು ಎಂದು ಯಾರೂ ಆಕೆಗೆ ಅಂದಿರಲಿಲ್ಲ. ಅಂದುಬಿಡುತ್ತಾರೆ ಎಂದೇ ಆಕೆ ಎಲ್ಲವನ್ನೂ ಎರಡೆರಡು ಸಲ ಎಣಿಸುತ್ತ ಬಂದವಳು. ಮರುದಿನದಿಂದ ಆಕೆ ಡ್ರೈವರ್ ಹಿಂದಿನ ಒಂಟಿ ಸೀಟಿನಲ್ಲಿ ಕೂರತೊಡಗಿದಳು. ಟಿಕೋಟಾದಲ್ಲಿ ಗುರುಸಿದ್ದವ್ವ ಹತ್ತಿ, ಒಂದು ಕ್ಷಣ ಆಕೆಯ ಕಡೆ ನೋಡಿ, ಹಿಂದೆ ಹೋಗಿ ಕೂರುತ್ತಿದ್ದಳು. ಹೀಗೆ ಐದು ದಿನ ನಡೆಯಿತು. ಆರನೆಯ ದಿನ ಸಿಕಂದರ ಚಿಲ್ಲರೆ ಕೊಡುತ್ತ ಮೆಲ್ಲಗೆ ಹೇಳಿದ: "ಅವ್ವಾರು ನಿಮ್ಮನ್ನ ಕೇಳಾಕತ್ತಿದ್ರು. ಆರಾಮ ಇಲ್ಲೇನು ಅಂತ."

"ಆರಾಮ ಅದೇನಿ ಅಂತ ಹೇಳ್ರಿ," ಎಂದಳು ಆಕೆ. ಹಾಗೆ ಹೇಳಿಕಳಿಸಿದ್ದಕ್ಕೆ ದವಾಖಾನೆ ಮುಟ್ಟುವವರೆಗೆ ಮನಸ್ಸು ಚುರುಕೆನ್ನುತ್ತಿತ್ತು.

ಆ ಭಾನುವಾರ ಗಂಡಹೆಂಡತಿ ಇಟ್ಟಂಗಿಹಾಳಕ್ಕೆ ಹೋದರು. ಧರ್ಮರಾಜನ ತಂದೆ ಹಣಮಂತರಾಯ ಅಲ್ಲಿಯೇ ತಮ್ಮ ಮೂರೆಕರೆ ಹೊಲ ನೋಡಿಕೊಂಡಿದ್ದರು. ಹೋದಾಗಲೆಲ್ಲ ಜೋಳದ ಚೀಲ ಅತ್ತೆ ಮೊದಲೇ ಅಳೆದು ಬಾಯಿ ಕಟ್ಟಿ ಇಟ್ಟಿರುತ್ತಿದ್ದರು. ಈ ಸಲ ಅತ್ತೆ ಪರಸವ್ವನ ಸೊಂಟ ಹಿಡಿದಿತ್ತು. ಮಾವ ಪಡಸಾಲೆಯಲ್ಲಿ ಜೋಳದ ರಾಶಿ ಸುರಿದುಕೊಂಡು, ಕಬ್ಬಿಣದ ಸೇರು ಹಿಡಿದು ಕೂತರು.

"ಬಾ ವಾ, ಚೀಲದ ಬಾಯಿ ಹಿಡಿ," ಎಂದು ಸೊಸೆಯನ್ನು ಕರೆದರು. ಸೇರು ತುಂಬಿ, ಅಂಗೈಯಿಂದ ಮೇಲೆ ಸವರಿ, ಚೀಲಕ್ಕೆ ಹಾಕುತ್ತ ರಾಗವಾಗಿ ಎಂದರು: "ಲಾಭ..."

ಸಂಘಮಿತ್ರಾಳ ಕಿವಿ ನಿಮಿರಿತು.

ಎರಡನೆಯ ಸೇರು ಬಿತ್ತು. "ಎರಡ..."

ಮೂರನೆಯದು. "ಮೂರ..."

"ಮಾವಾರ, ತಡೀರಿ ಸ್ವಲ್ಪ. ಒಂದು ಎಲ್ಲಿ ಹೋತ್ರಿ?"

"ಎಲ್ಲಿ ಹೋತು ಅಂದ್ರ?"

"ಲಾಭ ಅಂದ್ರಿ, ಎರಡ ಅಂದ್ರಿ. ನಡುವ ಒಂದು ಅನ್ನಲೇ ಇಲ್ಲಲ್ರಿ."

ಹಣಮಂತರಾಯರು ಸೇರನ್ನು ರಾಶಿಯ ಮೇಲೆ ಇಟ್ಟು ಆಕೆಯ ಮುಖ ನೋಡಿದರು. "ಲಾಭ ಅಂದ್ರನ ಒಂದು. ರಾಶಿ ಅಳಿಯುವಾಗ ಒಂದು ಅಂತ ಅನ್ನಂಗಿಲ್ಲ, ಲಾಭ ಅಂತಾರ. ನಮ್ಮಪ್ಪ ಅಂತಿದ್ದ, ನಾನೂ ಅಂತೇನಿ. ನಿಮ್ಮ ಸಿಟ್ಯಾಗ ಕಿಲೋದ ಲೆಕ್ಕ, ನಿನಗ ಹೆಂಗ ಗೊತ್ತಾಗಬೇಕು."

ಆಕೆ ಚೀಲದ ಬಾಯಿ ಬಿಟ್ಟುಬಿಟ್ಟಳು. ಅವರು ಮತ್ತೆ ತುಂಬಿ ಸುರಿದ ನಾಲ್ಕನೆಯ ಸೇರು ಅರ್ಧ ಚೀಲಕ್ಕೆ, ಅರ್ಧ ನೆಲಕ್ಕೆ ಬಿತ್ತು. ಬೆರಳು ಮಡಚಿ ಲೆಕ್ಕ ಹಾಕಿದಳು. ಹತ್ತು ಅಂದುಕೊಂಡಾಗಲೆಲ್ಲ ಹನ್ನೊಂದು ಹಾಕಿದ್ದಾಳೆ. ಎಂಟು ಹನ್ನೊಂದಲೆ ಎಂಬತ್ತೆಂಟು. ಮೇಲಿನ ನಾಲ್ಕಕ್ಕೂ ಒಂದು ಲಾಭ ಸೇರಿ ಐದು. ತೊಂಬತ್ತಮೂರು.

ಧರ್ಮರಾಜ ಕಟ್ಟೆಯ ಮೇಲೆ ಕೂತು ಅತ್ತಿತ್ತ ನೋಡುತ್ತಿದ್ದ. ಆಕೆ ಹೊರಗೆ ಬಂದು ಅವನ ಮುಂದೆ ನಿಂತಳು.

"ನೀವ ಹೇಳಿದ್ದ ಖರೇ ಐತ್ರಿ. ತೊಂಬತ್ತಮೂರ ಅದಾವ."

ಅವನಿಗೆ ಯಾವುದರ ಮಾತು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ದೊಡ್ಡದಾಗಿ ನಕ್ಕ. ಒಳಗಿನಿಂದ ಮಾವ ಏನು ಏನು ಎಂದು ಕೇಳಿದರು. ಹೇಳಿದಾಗ ಅವರೂ ನಕ್ಕರು. ಪರಸವ್ವ ಸೊಂಟ ಹಿಡಿದುಕೊಂಡು, ನಗಬಾರದೆಂದುಕೊಂಡೇ ನಕ್ಕರು. ಬಿಚ್ಚಲೆಂದು ಸೊಸೆ ಕೈಚೀಲದಲ್ಲಿ ತಂದಿದ್ದ ಆ ದೊಡ್ಡ ಸ್ವೆಟರನ್ನು ತೆಗೆಸಿ ಹಣಮಂತರಾಯರು ತಮ್ಮ ದಪ್ಪ ಅಂಗಿಯ ಮೇಲೆ ತೊಟ್ಟುಕೊಂಡರು. ಅವರ ಅಗಲ ಎದೆಗೆ ಅದು ಹೊಲಿಸಿದಂತೆ ಕೂತಿತು. "ಇದನ್ನ ಬಿಚ್ಚಬ್ಯಾಡ," ಎಂದರು. ಅವತ್ತು ಅವರು ಅದನ್ನು ತೊಟ್ಟುಕೊಂಡೇ ಊರಲ್ಲಿ ಎರಡು ಮನೆಗೆ ಹೋಗಿಬಂದರು.

ಸೋಮವಾರ ಸಂಘಮಿತ್ರಾ ತನ್ನ ಹಳೆಯ ಸೀಟಿನಲ್ಲಿ ಕೂತು, ಪಕ್ಕದಲ್ಲಿ ಚೀಲ ಇಟ್ಟು ಜಾಗ ಹಿಡಿದಳು. ಟಿಕೋಟಾದಲ್ಲಿ ಗುರುಸಿದ್ದವ್ವ ಹತ್ತಿ, ಜಾಗ ನೋಡಿ, ಏನೂ ಆಗೇ ಇಲ್ಲವೆಂಬಂತೆ ಬಂದು ಕೂತಳು. ಬಸ್ಸು ಊರು ಬಿಟ್ಟಿತು. ಹೇಗೆ ಶುರುಮಾಡಬೇಕೆಂದು ಸಂಘಮಿತ್ರಾ ರಾತ್ರಿಯೆಲ್ಲ ಯೋಚಿಸಿದ್ದಳು. ಕಡೆಗೆ ಯೋಚಿಸಿದ್ದು ಯಾವುದೂ ಬಾಯಿಗೆ ಬರಲಿಲ್ಲ.

"ಅವ್ವಾರ, ನಾ ಲಾಭ ಬ್ಯಾರೆ, ಒಂದು ಬ್ಯಾರೆ ಅಂತ ತಿಳಿದಿದ್ನಿರಿ."

ಗುರುಸಿದ್ದವ್ವನ ಕಡ್ಡಿ ನಿಂತವು. ಆಕೆ ಮನಸ್ಸಿನಲ್ಲೇ ಒಂದು ಸಾಲು ಎಣಿಸಿ ನೋಡಿದಳೇನೋ. ಮುಖ ನಿಧಾನವಾಗಿ ಬದಲಾಯಿತು. ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ನಕ್ಕು ನಕ್ಕು ಕೆಮ್ಮು ಬಂತು. ಸಂಘಮಿತ್ರಾ ನೀರಿನ ಬಾಟಲಿ ತೆಗೆದುಕೊಟ್ಟಳು. ನೀರು ಕುಡಿದ ಮೇಲೆ ಗುರುಸಿದ್ದವ್ವನ ನಗು ತಟ್ಟನೆ ನಿಂತಿತು.

"ಹಂಗಾದ್ರ ನನ್ನ ಸೊಸಿನೂ ಹಿಂಗ ತಿಳಿದಿದ್ಲೇನು?"

ಸೊಸೆ ಶೈಲಶ್ರೀ, ಮಗ ಚೇತನಕುಮಾರ ಬಬಲೇಶ್ವರದಲ್ಲಿದ್ದರು. ಅಲ್ಲಿ ಅವರದು ನೀರಾವರಿ ಪೈಪಿನ ಅಂಗಡಿ. ಶೈಲಶ್ರೀ ವಿಜಯಪುರದ ಹುಡುಗಿ. ಮದುವೆಯಾದ ಹೊಸದರಲ್ಲಿ ಗುರುಸಿದ್ದವ್ವ ಆಕೆಗೆ ಹೆಣಿಕೆ ಕಲಿಸಲು ಕೂತಿದ್ದಳು. ಮೂರು ಸಲ ಹಾಕಿದ್ದೂ ಅಗಲ ಬಂತು. ಮೂರನೆಯ ಸಲ ಗುರುಸಿದ್ದವ್ವ, ನೆಂಟರೆದುರಿಗೆ, ಈಕೆಯ ಕೈಯಲ್ಲಿ ಏನೂ ನೆಟ್ಟಗಾಗುವುದಿಲ್ಲ ಎಂದು ಅಂದಿದ್ದಳು. ಆರು ವರ್ಷವಾಯಿತು. ಸೊಸೆ ಮತ್ತೆ ಕಡ್ಡಿ ಮುಟ್ಟಿರಲಿಲ್ಲ, ಅತ್ತೆ ಮತ್ತೆ ಆ ಮಾತು ತೆಗೆದಿರಲಿಲ್ಲ.

"ಶನಿವಾರ ಬಬಲೇಶ್ವರಕ್ಕ ಹೋಗತೇನಿ," ಎಂದಳು ಗುರುಸಿದ್ದವ್ವ. "ನೀನೂ ಬಾ. ನಾ ಒಬ್ಬಾಕೀನ ಹೇಳಿದ್ರ ಆಕಿ ನಂಬಂಗಿಲ್ಲ."

ಶನಿವಾರ ಮಧ್ಯಾಹ್ನ ಸಂಘಮಿತ್ರಾ ಅರ್ಧ ದಿನದ ರಜೆ ಹಾಕಿದಳು. ಇಬ್ಬರೂ ವಿಜಯಪುರಕ್ಕೆ ಬಂದು, ಅಲ್ಲಿಂದ ಸಾರವಾಡ ಮೇಲೆ ಹಾಯ್ದು ಹೋಗುವ ಬಸ್ಸು ಹಿಡಿದರು. ದಾರಿಯುದ್ದಕ್ಕೂ ಗುರುಸಿದ್ದವ್ವ ಕಡ್ಡಿ ಹೊರಗೆ ತೆಗೆಯಲಿಲ್ಲ. ಸೊಸೆಗೆ ಏನು ಹೇಳಬೇಕೆಂದು ಎರಡು ಸಲ ಸಂಘಮಿತ್ರಾಳ ಮುಂದೆ ಹೇಳಿನೋಡಿದಳು. ಸಾರವಾಡ ದಾಟಿದ ಮೇಲೆ ಮೂರನೆಯ ಸಲ ಹೇಳಿದಳು.

ಅಂಗಡಿಯ ಮೇಲೆಯೇ ಮನೆ. ಶೈಲಶ್ರೀ ಒಲೆ ಮೇಲೆ ಚಹಾ ಇಟ್ಟು ಬಂದು ಕೂತಳು. ಚಟುವಟಿಕೆಯ ಹೆಂಗಸು, ಮಾತು ಚುರುಕು. ಗುರುಸಿದ್ದವ್ವ ಸಂಘಮಿತ್ರಾಳ ಕಥೆಯನ್ನೆಲ್ಲ ಹೇಳಿ, ಕಡೆಗೆ ಸೀರೆಯ ಅಂಚು ತಿರುವುತ್ತ ಅಂದಳು: "ತಪ್ಪು ನಂದ ಐತಿ ಶೈಲಾ. ಬಿಡಿಸಿ ಹೇಳಬೇಕಿತ್ತು ನಾನು. ಮಂದಿ ಮುಂದ ನಿನಗ ಹಂಗ ಅನ್ನಬಾರದಿತ್ತು."

ಶೈಲಶ್ರೀ ಇಬ್ಬರ ಮುಖವನ್ನೂ ನೋಡಿದಳು. ಒಳಗೆ ಹೋಗಿ ಒಲೆ ಆರಿಸಿ ಬಂದಳು. ಚಹಾ ಸೋಸುತ್ತ, ಕಣ್ಣೆತ್ತದೆ ಹೇಳಿದಳು.

"ಅತ್ತ್ಯಾರ, ನಮ್ಮಪ್ಪಂದು ಕಾಳಿನ ಅಂಗಡಿ. ಲಾಭ ಅಂದ್ರ ಒಂದು ಅಂತ ನನಗ ಸಣ್ಣಾಕಿ ಇದ್ದಾಗಿಂದ ಗೊತ್ತೈತ್ರಿ."

"ಮತ್ತ ಅಗಲ ಹೆಂಗ ಬರತಿತ್ತು?"

"ನಾನ ಹೆಚ್ಚಿಗಿ ಹಾಕತಿದ್ದೆ. ನನಗ ಹೆಣಿಯೂದು ಭಾಳ ಬ್ಯಾಸರ ಬರತಿತ್ರಿ. ಬ್ಯಾಡ ಅಂದ್ರ ನಿಮಗ ಸಿಟ್ಟು ಬರತೈತಿ ಅಂತ ಅಂಜಿಕಿ. ನೀವ ಬ್ಯಾಡ ಅನ್ನೂತನ ಅಗಲಾ ಮಾಡೂದು ಅಂತ ಮಾಡಿದ್ದೆ."

ಸಂಘಮಿತ್ರಾ ಚಹಾದ ಕಪ್ಪಿನಲ್ಲಿ ಮುಖ ಹುದುಗಿಸಿದಳು. ಗುರುಸಿದ್ದವ್ವ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟಳು. ಆರು ವರ್ಷ ಎದುರಾದಾಗಲೆಲ್ಲ ಬಾಯಿ ಬಿಗಿಹಿಡಿದದ್ದು, ಈ ವಾರವೆಲ್ಲ ನಿದ್ದೆ ಬಿಟ್ಟದ್ದು, ಬಸ್ಸಿನಲ್ಲಿ ಮೂರು ಸಲ ಮಾತು ಹೊಂದಿಸಿಕೊಂಡದ್ದು, ಎಲ್ಲವನ್ನೂ ಆಕೆ ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದಂತಿತ್ತು. ಕಡೆಗೆ ಕೇಳಿದಳು: "ಹಂಗಾದ್ರ ಆಗ ನಿನಗ ಏನ ಕಲೀಬೇಕು ಅನಸ್ತಿತ್ತು?"

"ಸ್ಕೂಟರ್ ಹೊಡಿಯೂದ್ರಿ."

"ಕಲಿತೇನು?"

"ಹೋದ ವರ್ಷ ಕಲಿತೇನಿ. ಅಂಗಡಿ ಸಾಮಾನು ನಾನ ತರತೇನಿ. ನಿಮಗ ಗೊತ್ತಾದ್ರ ಹೆಂಗ ಅಂತ ಅವರು ಹೇಳಿಲ್ಲ."

ಸಂಜೆ ಬಸ್ಸಿಗೆ ಹೊರಡುವಾಗ ಶೈಲಶ್ರೀ ಸ್ಕೂಟರ್ ಹೊರಗೆ ತೆಗೆದಳು. ಗುರುಸಿದ್ದವ್ವ ಮೊದಲು ಬೇಡವೆಂದಳು, ಆಮೇಲೆ ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತು, ಸೊಸೆಯ ಸೊಂಟವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು. "ಸಾವಕಾಶ ಬೇ, ಸಾವಕಾಶ," ಎನ್ನುತ್ತಿದ್ದಂತೆಯೇ ಸ್ಕೂಟರ್ ಹೋಯಿತು. ನಡೆದು ಹೋದ ಸಂಘಮಿತ್ರಾ ಬಸ್‌ಸ್ಟ್ಯಾಂಡ್ ಮುಟ್ಟಿದಾಗ ಅವರಿಬ್ಬರೂ ಅಲ್ಲಿರಲಿಲ್ಲ. ವಿಜಯಪುರದ ಬಸ್ಸು ಬಂತು, ಹೋಯಿತು. ಅರ್ಧ ತಾಸಿನ ಮೇಲೆ ಅತ್ತೆಸೊಸೆ ಬಂದರು. ಗುರುಸಿದ್ದವ್ವನ ಕೂದಲು ಗಾಳಿಗೆ ಕೆದರಿತ್ತು, ಬಾಯಲ್ಲಿ ಎಲೆಯಡಿಕೆ ಇತ್ತು.

"ಒಂದ ಸುತ್ತು ಹಾಕಿಬಂದಿವಿ," ಎಂದಳು. "ಇನ್ನೊಂದ ಬಸ್ ಐತಿ, ಏನ ಅವಸರ."

ಮೂರನೆಯ ಸಲ ಹಾಕಿದ ಸ್ವೆಟರು ಫೆಬ್ರುವರಿ ಕೊನೆಗೆ ಮುಗಿಯಿತು. ಅಗಲ ಎಲ್ಲ ಸರಿಯಾಗಿತ್ತು. ಆದರೆ ಕುತ್ತಿಗೆಯ ಹತ್ತಿರ ಸಂಘಮಿತ್ರಾ ಅಂಚನ್ನು ಬಿಗಿಯಾಗಿ ಮುಚ್ಚಿಬಿಟ್ಟಿದ್ದಳು. ಧರ್ಮರಾಜನ ತಲೆ ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತು. ಎರಡೂ ಕೈ ಮೇಲೆತ್ತಿ, ಉಲ್ಲನ್ನಿನೊಳಗಿನಿಂದ ಅವನು ಏನೋ ಹೇಳುತ್ತಿದ್ದ. ಆಕೆಗೆ ನಗು ತಡೆಯದೆ ಅದು ಏನೆಂದು ಕೇಳಿಸಲಿಲ್ಲ. ಇಬ್ಬರೂ ಕೂಡಿ ಎಳೆದ ಮೇಲೆ ತಲೆ ಹೊರಗೆ ಬಂತು, ಕನ್ನಡಕ ಒಳಗೇ ಉಳಿಯಿತು. ಆಕೆ ಕೆಳಗಿನಿಂದ ಕೈ ಹಾಕಿ ಕನ್ನಡಕ ತೆಗೆದು ಅವನ ಮೂಗಿಗೆ ಏರಿಸಿ, ಅವನ ಸುತ್ತ ಒಂದು ಸಲ ತಿರುಗಿ ನೋಡಿದಳು.

ಅಷ್ಟೊತ್ತಿಗೆ ವಿಜಯಪುರದಲ್ಲಿ ಬಿಸಿಲು ಶುರುವಾಗಿತ್ತು. ಆದರೂ ಧರ್ಮರಾಜ ಅದನ್ನು ತೊಟ್ಟುಕೊಂಡೇ ಶಾಲೆಗೆ ಹೋದ. ಹನ್ನೊಂದು ಗಂಟೆಗೆ ಶಾಲೆಯ ಶಿಕ್ಷಕಿ ಕಾಶಿಬಾಯಿ, ಸರ್ ಸೆಕೆ ಆಗುವುದಿಲ್ಲವೇ ಎಂದು ಕೇಳಿದರಂತೆ. ಆಗುತ್ತದೆ, ಆದರೆ ತೆಗೆಯಲು ಇನ್ನೊಬ್ಬರು ಬೇಕು ಎಂದನಂತೆ ಅವನು.